ಹೊಗೆ ಬಿಡಿಸಿದ ವಿನೋದಿನಿ ಸಿಸ್ಟರ್

ಮುಂಬಯಿಯಲ್ಲಿ ಕ್ಷಯರೋಗಿಗಳಿಗೆ ಮದ್ದು ಕೊಟ್ಟವರು ಅನೇಕರಿದ್ದಾರೆ. ಮದ್ದು ತಿನ್ನುವವನ ಕಿವಿಯ ಹಿಂದಿನ ಬೀಡಿಯೊಡನೆ ಹಟ ಹಿಡಿದು ಕಾದಾಡಿದವರು ವಿರಳ. ಅಂಥ ವಿರಳರಲ್ಲಿ ಹಿರಿಯರಾದ ಶ್ರೀಮತಿ ವಿನೋದಿನಿಯವರು ಸಯನ್ನಿನ ಧರ್ಮಾರ್ಥ ಎದೆರೋಗ ಚಿಕಿತ್ಸಾಲಯದಿಂದ ಈ ವರ್ಷ, ೧೯೭೯ರಲ್ಲಿ, ನಿವೃತ್ತರಾಗುತ್ತಿದ್ದಾರೆ.

ಉಡುಪಿ ಕಡೆಯವರಾದ ಅವರು ೧೯೬೮ರಲ್ಲಿ ಇಲ್ಲಿ ಸೇರಿದಾಗ ಬಾಗಿಲ ತುಂಬ ಬಿಜಾಪುರ, ಗುಲ್ಬರ್ಗ ಕಡೆಯ ಕೂಲಿಕಾರರು. ತಮ್ಮದೂ ಅವರದೂ ಕನ್ನಡವೇ ಎಂಬ ಧೈರ್ಯ ಸಿಸ್ಟರಿಗಿತ್ತು. ಆ ಧೈರ್ಯವನ್ನು ಮುಲುಂಡಿನಲ್ಲಿ ಬಿಲ್ಡಿಂಗ್ ಕೆಲಸಕ್ಕಿದ್ದ ಧರ್ಮಣ್ಣನವರು ಮೊದಲ ವರ್ಷವೇ ಮುರಿದರು. ಇಂಜೆಕ್ಷನ್ ಕೊಟ್ಟು, "ಧರ್ಮಣ್ಣ, ನೀವಿನ್ನು ಹೊಗೆ ಬಿಡಲೇಬೇಕು ಮಾರಾಯ್ರೆ" ಎಂದು ಪ್ರತಿಸಲ ಹೇಳಿದರೆ, ಅವರು ವಿಧೇಯರಾಗಿ ತಲೆಯಾಡಿಸಿ ಹೋಗುತ್ತಿದ್ದರು. ತಿಂಗಳುಗಳು ಕಳೆದರೂ ಕೆಮ್ಮು ತಗ್ಗಲಿಲ್ಲ, ಅಂಗಿಯ ಬೀಡಿ ವಾಸನೆಯೂ ತಗ್ಗಲಿಲ್ಲ. ಕಡೆಗೊಂದು ದಿನ ಸಿಸ್ಟರ್ ಗದರಿಕೊಂಡಾಗ ಧರ್ಮಣ್ಣನವರಿಗೆ ನಿಜವಾಗಿಯೂ ನೋವಾಯಿತು.

"ನೀವು ಹೇಳಿದಾಗಿಂದ ಒಂಚೂರೂ ಒಳಗ ಇಟ್ಕೊಂಡಿಲ್ರಿ ಅಕ್ಕಾರ. ಸೇದಿದ್ದೆಲ್ಲಾ ಹೊರಗ ಬಿಡ್ತೀನ್ರಿ."

ವರಾಂಡದಲ್ಲಿದ್ದವರೆಲ್ಲ ನಕ್ಕರು. ವಿನೋದಿನಿಯವರೂ ನಕ್ಕರು, ಆದರೆ ಅಂದು ಅವರಿಗೆ ಊಟ ಸೇರಲಿಲ್ಲ. ಮದ್ದು ಈ ಮನುಷ್ಯನನ್ನು ಬದುಕಿನ ಕಡೆಗೆ ಎಳೆಯುತ್ತಿದ್ದಾಗ ತಮ್ಮದೇ ಮಾತು ಅಡ್ಡ ನಿಂತಿತ್ತಲ್ಲ ಎಂಬ ಸಂಕಟ.

ಮರುದಿನದಿಂದ "ಬೀಡಿ ಹಚ್ಚಬ್ಯಾಡ್ರಿ" ಎನ್ನಲು ಕಲಿತರು. ಆಗ ಧರ್ಮಣ್ಣನವರ ನಿಜವಾದ ಕಷ್ಟ ಹೊರಬಿತ್ತು. ಕೆಲಸದ ನಡುವೆ ಚಹಾಕ್ಕೆ ಕುಳಿತಾಗ ಒಂದೇ ಬೀಡಿ ಕೈಯಿಂದ ಕೈಗೆ ಹೋಗುತ್ತದೆ. ಬೇಡವೆಂದವನಿಗೆ ಟಿಬಿಯೆಂದು ಗುಮಾನಿ. ಗುಮಾನಿ ಕೂಲಿಗಳ ಮೇಸ್ತ್ರಿಯಾದ ಮುಕಾದಮ ಅಣವೀರಪ್ಪನವರ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ. ರೋಗವನ್ನು ಮುಚ್ಚಿಡಲೆಂದೇ ಅವರು ರೋಗವನ್ನು ಸಾಕುತ್ತಿದ್ದರು, ಅದೇ ಬೀಡಿಯ ಸುತ್ತ ಕೂತು ಕೆಮ್ಮಿ ಜೊತೆಯವರಿಗೂ ಹಂಚುತ್ತಿದ್ದರು.

ಸಿಸ್ಟರ್ ರಜೆಯ ದಿನ ಲೋಕಲ್ ಹಿಡಿದು ಮುಲುಂಡಿಗೇ ಹೋದರು. ಯಾರ ಹೆಸರನ್ನೂ ಎತ್ತದೆ, ರೋಗಿಗಳನ್ನು ಓಡಿಸುತ್ತೇನೆಂದರೆ ಅವರು ಕೆಮ್ಮನ್ನು ನುಂಗಿಕೊಂಡು ಇಲ್ಲೇ ಇರುತ್ತಾರೆ, ಮದ್ದಿಗೆ ಕಳಿಸಿದರೆ ವಾಸಿಯಾಗಿ ದುಡಿಯುತ್ತಾರೆ ಎಂದು ಅಣವೀರಪ್ಪನವರಿಗೆ ಹೇಳಿದರು. ಅವರು ಜಗ್ಗಲಿಲ್ಲ. ಸಿಸ್ಟರ್ ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಣವೀರಪ್ಪನವರು, ಈ ಸಿಸ್ಟರ್ ಕಾಟ ತಪ್ಪಿದರೆ ಸಾಕಪ್ಪ ಎಂದು, ಮದ್ದು ತೆಗೆದುಕೊಳ್ಳುವವರ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ಚಹಾದ ವೇಳೆಯಲ್ಲಿ ಎಲ್ಲರೆದುರು ಒಪ್ಪಿಕೊಂಡರು. ಆಗ ಸರದಿಯ ಬೀಡಿ ಧರ್ಮಣ್ಣನವರ ಕೈಗೆ ಬಂದಿತ್ತು. ಅವರು ಅದನ್ನು ಇಟ್ಟಿಗೆಗೆ ಒತ್ತಿ ಆರಿಸಿದರು.

"ನನಗ ಟಿಬಿ ಐತ್ರಿ. ಇನ್ನ ಸೇದೂದಿಲ್ಲ."

ಅಣವೀರಪ್ಪನವರು ಧರ್ಮಣ್ಣನವರನ್ನೂ ಸೇರಿಸಿ ಎಲ್ಲರನ್ನೂ ಕೆಲಸಕ್ಕೆ ಎಬ್ಬಿಸಿದರು.

ಧರ್ಮಣ್ಣನವರು ವಾಸಿಯಾದರು. ಅಂದಿನಿಂದ ಮುಲುಂಡಿನ ಹೊಸ ರೋಗಿಗಳನ್ನು ಸಯನ್ನಿಗೆ ಕರೆತರುವವರು ಅವರೇ. ನಿವೃತ್ತಿಯ ಸುದ್ದಿ ಕೇಳಿ ಮೊನ್ನೆ ಬಂದು, ಸಪ್ಪೆ ಮುಖ ಮಾಡಿಕೊಂಡು, ಕೆಲಸ ಬಿಡುವುದು ಹೌದೇ ಎಂದು ಕೇಳಿದರು.

"ಬಿಡ್ತೇನೆ ಮಾರಾಯ್ರೆ," ಎಂದರು ಸಿಸ್ಟರ್. "ನೀವು ಮೊದಲ ವರ್ಷ ಹೊಗೆ ಬಿಟ್ಟ ಹಾಗೆ."

ವಿನೋದಿನಿಯವರು ಆರೋಗ್ಯವಂತರಾಗಿ ನೂರ್ಕಾಲ ಬಾಳಲಿ. ಕೆಲಸವನ್ನು ಅದೇ ಬಗೆಯಲ್ಲಿ ಬಿಡುತ್ತಲೇ ಇರಲಿ.