ಸರ್ ಕೇಳಿ ಕಳಿಸಿದ ಮಾತು

ದೆಹಲಿಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಹೊಗೆಮಂಜಿನಲ್ಲಿ ಸೂರ್ಯನ ಪತ್ತೆಯೇ ಇರಲಿಲ್ಲ. ಬೆನ್ನುಮೂಳೆಯ ಆಪರೇಷನ್ನಿಗೆ ರೋಬೋಟ್ ಬಳಸುವುದನ್ನು ಕಲಿಯಲು ಮೈಸೂರಿನಿಂದ ಬಂದಿದ್ದೆ. ಹೊರಡುವ ಮುನ್ನ, ನನಗೆ ಈ ವಿದ್ಯೆ ಕಲಿಸಿದ ಸರ್ ಫೋನ್ ಮಾಡಿದ್ದರು. ಕೈನಡುಕ ಬಂದು ಅವರು ಆಪರೇಷನ್ ಬಿಟ್ಟು ಎರಡು ವರ್ಷವಾಗಿತ್ತು. "ನಡುಗೋ ಕೈಗೂ ಆ ಯಂತ್ರ ಒಗ್ಗುತ್ತಾ, ಕೇಳ್ಕೊಂಡು ಬಾ ಸುಮಾ," ಎಂದಿದ್ದರು. ಯಾರನ್ನೂ ಏನನ್ನೂ ಕೇಳಿದವರಲ್ಲ. ಹೌದು ಎನ್ನುವ ಉತ್ತರವನ್ನೇ ಒಯ್ಯಬೇಕೆಂದು ನನಗೆ ತುಂಬಾ ಆಸೆಯಿತ್ತು.

ಆರ್.ಕೆ.ಪುರಂನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮೂಲಂಗಿ ಹುಳಿ ಬಡಿಸುವಾಗ ಅವರ ಮೊಮ್ಮಗಳು ಕೇಳಿದಳು: "ಅತ್ತೆ, ಸಬ್ ಕುಛ್, ಎಲ್ಲಾನೂ ರೋಬೋಟೇ ಮಾಡಿದ್ರೆ ನೀವ್ಯಾಕೆ?"

"ಅದನ್ನೇ ತಿಳ್ಕೊಳ್ಳೋಕೆ ಬಂದಿದೀನಿ ಕಣೇ."

ಮರುದಿನ ತರಬೇತಿ ಕೇಂದ್ರವಿದ್ದ ಮಾನೇಸರಿಗೆ ಕ್ಯಾಬ್ ಹಿಡಿದೆ. ಹೊಸ ಕಾರುಗಳನ್ನು ಹೊತ್ತ ಲಾರಿಗಳ ಹಿಂದೆ ತೆವಳುತ್ತಾ ಒಂದೂವರೆ ಗಂಟೆಯ ದಾರಿ. ತರಬೇತಿ ಕೊಡುವವರು ಕೊಡಗಿನವರು, ಸೇನೆಯ ಆಸ್ಪತ್ರೆಯಿಂದ ನಿವೃತ್ತರಾದ ಕರ್ನಲ್. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ. ಸ್ಕ್ರೂ ಕೂರಬೇಕಾದ ಜಾಗಕ್ಕೆ ಯಂತ್ರದ ತೋಳು ತಾನಾಗಿ ಬಂದು ನಿಂತಿತು. ಮೂಳೆಯ ಗಟ್ಟಿತನ ಬೆರಳಿಗೆ ತಿಳಿಯಲೆಂದು, ಸರ್ ಕಲಿಸಿದಂತೆ, ಡ್ರಿಲ್ ಒತ್ತಿದೆ. ಅದು ಮೂಳೆಯ ಇಳಿಜಾರಿನಲ್ಲಿ ಜಾರಿತು.

"ಒತ್ತಬೇಡಿ ಡಾಕ್ಟ್ರೇ," ಕರ್ನಲ್ ನಕ್ಕರು. "ಪಳಗಿದ ಕೈಗಳದ್ದೆಲ್ಲ ಇದೇ ತಪ್ಪು. ಅದು ದಾರಿ ತೋರಿಸುತ್ತೆ ಅಷ್ಟೆ, ಕೊರೆಯೋದು ನೀವೇ."

ಮಧ್ಯಾಹ್ನದ ಹೊತ್ತಿಗೆ ಸ್ಕ್ರೂಗಳು ಸರಿಯಾಗಿ ಕೂರತೊಡಗಿದವು. ಖುಷಿಯಾಯಿತು, ಜೊತೆಗೆ ಏನೋ ಕಳೆದುಕೊಂಡಂತೆಯೂ ಆಯಿತು. ಕಲಿಯುವಾಗ ನನ್ನ ಕೈಮೇಲೆ ಇರುತ್ತಿದ್ದ ಸರ್ ಕೈ ನೆನಪಾಯಿತು. ಚಹಾ ಕುಡಿಯುವಾಗ ಅವರ ಮಾತನ್ನು ಕರ್ನಲ್ ಮುಂದಿಟ್ಟೆ.

"ಅಚ್ಛಾ, ನಿಮ್ಮ ಗುರುಗಳಾ?" ಅವರು ಲೋಟ ಕೆಳಗಿಟ್ಟರು. "ಯಂತ್ರ ನಡುವೆ ನಿಂತುಹೋದ್ರೆ ಬರಿಗೈಲೇ ಮುಗಿಸ್ಬೇಕು. ನಡುಗೋ ಕೈಗೆ ನಾನಾದ್ರೆ ಇದನ್ನ ಕೊಡಲ್ಲ."

ವಾಪಸು ಹೊರಟ ದಿನ ವಿಮಾನ ನಿಲ್ದಾಣದಿಂದ ಫೋನ್ ಮಾಡಿದೆ.

"ತಿಂಡಿ ಆಯ್ತಾ?" ಎಂದರು ಸರ್. ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಆಗಲ್ಲವಂತೆ ಸರ್."

"ಹೂಂ. ಆಗಬಾರದು ಕೂಡ," ಎಂದರು. ಆಮೇಲೆ, "ಸುಮಾ, ನೀನು ಮಾಡುವಾಗ ನಿಂತು ನೋಡೋಕೆ ಬಿಡ್ತೀಯಾ?"

"ನನ್ನೆದುರಿಗೆ ನಿಂತ್ಕೊಳ್ಳಿ ಸರ್," ಎಂದೆ. ಆಪರೇಷನ್ ಟೇಬಲ್ಲಿನ ಆಚೆ ಬದಿ, ಕಲಿಯುವ ಕಾಲದಲ್ಲಿ ನಾನು ನಿಲ್ಲುತ್ತಿದ್ದ ಜಾಗ ಅದು.