ಐದನೇ ಮಹಡಿಯವರೆಗೆ

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ನಮ್ಮ ಭಾವ ಕೂತೇ ದುಡಿದವರು. ಐದು ಮಹಡಿಯ ಕಚೇರಿ ಕಟ್ಟಡದ ಲಿಫ್ಟಿನಲ್ಲಿ, ಗುಂಡಿಗಳ ಪಕ್ಕದ ಸ್ಟೂಲಿನ ಮೇಲೆ ಹತ್ತೊಂಬತ್ತು ವರ್ಷ. ಊರ ಮಂದಿಯನ್ನೆಲ್ಲ ಮೇಲೆ ಹತ್ತಿಸಿದ ಮನುಷ್ಯ ಅಲ್ಲಿನ ಒಂದು ಮೆಟ್ಟಿಲನ್ನೂ ತುಳಿದಿರಲಿಲ್ಲ.

ಆಪರೇಟರ್ ಬೇಡದ ಹೊಸ ಲಿಫ್ಟ್ ಬಂತು, ಅದೂ ಗ್ರಾಹಕರಿಗೆ ಮಾತ್ರ. ಕಟ್ಟಡದ ಮ್ಯಾನೇಜರ್ ಭಾವನನ್ನು ಕರೆಸಿದರು.

"ಫೈಲು ಹೊರೋ ಕೆಲಸ ಒಂದು ಖಾಲಿ ಇದೆ. ತಿಂಗಳಾದ್ಮೇಲೆ ಫೈಲು ಹಿಡ್ಕೊಂಡು ಐದನೇ ಮಹಡಿಗೆ ಹತ್ತಿ ತೋರಿಸಿ. ಆಗ್ದಿದ್ರೆ ನಾನೇನೂ ಮಾಡೋಕಾಗಲ್ಲ."

ಭಾವ ಮರುದಿನವೇ ಶುರು ಮಾಡಿದರು. ಹಳೆಯ ಲಿಫ್ಟಿಗೆ ಒಂದು ಮಹಡಿ ದಾಟಲು ಎಂಟು ಸೆಕೆಂಡು ಬೇಕಿತ್ತು, ಆ ಲೆಕ್ಕ ಅವರ ಮೈಗೇ ಇಳಿದಿತ್ತು. ಪುಣ್ಯಾತ್ಮ ಅದೇ ಲೆಕ್ಕದಲ್ಲಿ ಮೆಟ್ಟಿಲು ಹತ್ತಹೋದರು. ಎರಡನೇ ಮಹಡಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದರು. ಮಂಡಿ ಊದಿಕೊಂಡು ನಾಲ್ಕು ದಿನ ಹಾಸಿಗೆ ಬಿಟ್ಟೇಳಲಿಲ್ಲ.

ಡಾಕ್ಟರಮ್ಮ ಎದೆ ಪರೀಕ್ಷಿಸಿ ಚೆನ್ನಾಗಿ ಬೈದರು. "ಮೊದಲು ಸಮನೆಲದಲ್ಲಿ ಹತ್ತು ನಿಮಿಷ ನಡೀರಿ. ನಡೀತಾ ಮಾತಾಡೋಕೆ ಆಗ್ಬೇಕು, ಅಷ್ಟೇ ವೇಗ. ವಾರವಾರಕ್ಕೆ ಸ್ವಲ್ಪ ಹೆಚ್ಚಿಸಿ. ಎದೆ ಹಿಡಿದ್ರೆ ಅಲ್ಲೇ ಕೂತು ನನಗೆ ಫೋನ್ ಮಾಡಿ. ಐದು ಮಹಡಿಗೆ ಮೂರು ತಿಂಗಳಾದ್ರೂ ಬೇಕು."

"ನನ್ನ ಹತ್ರ ಇರೋದು ಇಪ್ಪತ್ತೈದು ದಿನ, ಡಾಕ್ಟ್ರೇ."

ದಿನಾ ಬೆಳಿಗ್ಗೆ ನಾನು ಅವರ ಜೊತೆ ನಡೆದೆ. ಮಾತು ತೋಚದಿದ್ದರೆ ಭಾವ ಮಹಡಿಗಳನ್ನೇ ಒಪ್ಪಿಸುತ್ತಿದ್ದರು: ಒಂದರಲ್ಲಿ ವಿಮೆ, ಎರಡರಲ್ಲಿ ವಕೀಲರು, ಮೂರರಲ್ಲಿ ಹಲ್ಲಿನ ಡಾಕ್ಟರು. ಮೂರನೇ ವಾರ ಒಂದು ಮಹಡಿ ಹತ್ತಿದರು. ಕೊನೆಯ ವಾರ ಎರಡು. ಅಕ್ಕ ಕ್ಯಾಲೆಂಡರ್ ಇದ್ದ ಗೋಡೆಯ ಕಡೆ ನೋಡುವುದನ್ನೇ ಬಿಟ್ಟಳು. ಈ ವಯಸ್ಸಿನಲ್ಲಿ ಇವರಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ ಎಂದು ನೆನೆದರೆ ನನಗೆ ಅಳು ಬರುತ್ತಿತ್ತು.

ಪರೀಕ್ಷೆಯ ದಿನ ನಾನೂ ಹಿಂದೆಯೇ ಹತ್ತಿದೆ. ಮೂರು ಮಹಡಿ ದಾಟಿತು. ನಾಲ್ಕು ಮುಟ್ಟಿದವರೇ ಭಾವ ಎದೆಯ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೆ ಕೂತರು. ಮುಖ ಬೆವತು ಬಿಳಿಚಿತ್ತು.

"ಇನ್ನೊಂದೇ ಮಹಡಿ," ಮ್ಯಾನೇಜರ್ ಮೇಲಿಂದ ಬಗ್ಗಿ ನೋಡಿದರು.

ಹೇಳಲು ನಾಚಿಕೆಯಾಗುತ್ತದೆ, ನಾನೂ ಅಂದೆ: "ಭಾವ, ಹೇಗಾದ್ರೂ ಮಾಡಿ ಹತ್ತಿಬಿಡಿ."

ಅವರು ನನ್ನ ಮುಖ ನೋಡಿದರು.

"ಹತ್ತಬಹುದು ಕಣೋ. ಆಮೇಲೆ ಇಳಿದು ಹೋಗಿ ನಿಮ್ಮಕ್ಕನಿಗೆ ನೀನು ಹೇಳ್ತೀಯಾ?"

ನಾನು ಅವರ ತೊಡೆಯ ಮೇಲಿದ್ದ ಫೈಲುಗಳನ್ನು ತೆಗೆದು ನೆಲಕ್ಕಿಟ್ಟು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕೆಲಸ ಒಂದು ಮಹಡಿ ಮೇಲೇ ಉಳಿಯಿತು.