ಹಗೇವಿನ ಮೇಲೆ ನಿಂತ ಕಂಬ

ನಾನು ಚಿಕ್ಕವನಿದ್ದಾಗಲೂ ಹೀಗೇ ಇದ್ದೆ ಮಕ್ಕಳೇ: ಕಾಗೆ ಕೂತರೆ ಕೊಂಬೆ ಮುರಿದೀತು ಎಂದು ಹೆದರುವವನು. ಆದರೆ ಒಂದು ಭಾನುವಾರ ನನ್ನ ಹೆದರಿಕೆ ನಿಜವಾಗಿತ್ತು. ನಂಬುವವರು ಮಾತ್ರ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಹರಿಹರದಲ್ಲಿ ನಮ್ಮದೊಂದು ಮಣ್ಣಿನ ಮಾಳಿಗೆ ಮನೆ. ಅಪ್ಪ ದಾವಣಗೆರೆಯ ಹತ್ತಿ ಗಿರಣಿಗೆ ಹೋಗುತ್ತಿದ್ದ. ಮನೆಗೆ ಬಂದಾಗ ಹುಬ್ಬಿನ ಮೇಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಅಕ್ಕ ಆ ವರ್ಷ ಎಸ್ಸೆಸ್ಸೆಲ್ಸಿ. ಇದ್ದ ಒಂದು ಪಡಸಾಲೆಯಲ್ಲಿ ನಮ್ಮೆಲ್ಲರ ಗದ್ದಲದ ನಡುವೆ ಅವಳು ಓದುವುದು ಹೇಗೆ? ಅಟ್ಟದಲ್ಲಿ ಅವಳಿಗೆ ಜಾಗ ಮಾಡಿಕೊಡುವುದೆಂದು ಅಪ್ಪ ನಿಶ್ಚಯಿಸಿದ. ಅಟ್ಟಕ್ಕೆ ದಾರಿಯೆಂದರೆ ಹಿತ್ತಲ ಗೋಡೆಯ ಕಿಂಡಿಯೊಂದೇ. ಹಾಗಾಗಿ ಪಡಸಾಲೆಯ ಚಾವಣಿಗೇ ಬಾಯಿ ತೆಗೆದು ಏಣಿ ಇಡಬೇಕಿತ್ತು.

ಬಡಗಿ ಕಾಕಾ ಬಂದರು. ಚಾವಣಿ ಹೊತ್ತ ಉದ್ದನೆಯ ಮರಗಳಿಗೆ ಜಂತಿ ಎನ್ನುತ್ತಿದ್ದೆವು. ಅಂಥದೊಂದು ಜಂತಿಯನ್ನು ನಡುವೆ ಕತ್ತರಿಸಿ, ತುಂಡಾದ ತುದಿಗಳನ್ನು ಹೊಸ ಚೌಕಟ್ಟಿಗೆ ಕೂಡಿಸುವುದು ಅವರ ಕೆಲಸ. ಅಲ್ಲಿಯವರೆಗೆ ಭಾರ ಹೊರಲು ಕೆಳಗೆ ಎರಡು ಕಂಬ ಬೇಕು. ಅಕ್ಕ ಕಿಂಡಿಯಿಂದ ನುಸುಳಿ ಅಟ್ಟ ಸೇರಿ, ಅಲ್ಲಿನ ಹಲಗೆಗಳನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳ ಬೆನ್ನ ಹಿಂದೆ ಆರು ಚೀಲ ಜೋಳ, ಎಲ್ಲ ಅದೇ ಜಂತಿಯ ಮೇಲೆ.

ಎರಡನೆಯ ಕಂಬ ನಿಲ್ಲಿಸಿದಾಗ ನಾನು ಬಗ್ಗಿ ಅದರ ಬುಡ ನೋಡಿದೆ. ಅದು ನಿಂತದ್ದು ಹಗೇವಿನ ಬಾಯಿಯ ಮೇಲೆ! ಹಗೇವು ಎಂದರೆ ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಆಳವಾದ ಗುಂಡಿ. ನಮ್ಮದು ಬರಿದಾಗಿ ಎಷ್ಟೋ ವರ್ಷವಾಗಿತ್ತು. ಬಾಯಿಗೆ ಹಲಗೆ ಹಾಸಿ ಮಣ್ಣು ಮೆತ್ತಿದ್ದರು. ಅವ್ವ ಸಗಣಿಯಿಂದ ಸಾರಿಸಿ ಸಾರಿಸಿ ಗುರುತೇ ಅಳಿಸಿಹೋಗಿತ್ತು. ತೀರಿಹೋಗುವ ಮುಂಚೆ ಅಜ್ಜಿ ಒಮ್ಮೆ ನನಗೆ ತೋರಿಸಿದ್ದಳು. ಅಂದಿನಿಂದ ನಾನು ದಿನವೂ ಅದನ್ನು ಸುತ್ತು ಹಾಕಿಯೇ ಓಡಾಡುತ್ತಿದ್ದೆ.

“ಅಪ್ಪಾ, ಅಲ್ಲಿ ಹಗೇವು ಐತೆ!”

“ಹಗೇವು ಆ ಮೂಲ್ಯಾಗೈತೆ, ಸುಮ್ಕಿರು. ಬೆಳಿಗ್ಗಿಂದ ಗರಗಸ ಹಾರಿ ಬರ್ತೈತೆ ಅಂದಿ, ಗ್ವಾಡಿ ಬೀಳ್ತೈತೆ ಅಂದಿ, ಚೇಳು ಉದುರ್ತಾವೆ ಅಂದಿ. ಇನ್ನೇನು ಉಳೀತು?”

“ಬಿದ್ರೆ ನಾನ್ ಬೀಳ್ತೀನಿ, ನಿಂಗ್ಯಾಕ ನಡುಕ, ಪುಕ್ಕಲಾ?” ಎಂದು ಅಕ್ಕ ಮೇಲಿನಿಂದ ನಕ್ಕಳು.

ಕಾಕಾ ಮೇಜಿನ ಮೇಲೆ ನಿಂತು ಗರಗಸ ಆಡಿಸತೊಡಗಿದರು. ಹಳೆಯ ಮರದ ಕೆಂಪು ಹೊಟ್ಟು ಉದುರಿ ಮೂಗಿಗೆ ಘಾಟು ಬಡಿಯಿತು. ಜಂತಿ ಅರ್ಧ ಕತ್ತರಿಸಿದಾಗ ಕಂಬದ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ನೋಡನೋಡುತ್ತ ಅದು ಬಳೆಯ ಹಾಗೆ ದುಂಡಗಾಯಿತು. ಎಲ್ಲರ ಕಣ್ಣೂ ಮೇಲೆ. ನಾನು ಕೂಗಿದೆ. ಅಪ್ಪ ತಿರುಗಿ ಕೂಡ ನೋಡಲಿಲ್ಲ.

ಆಗ ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಹಗೇವಿನ ಅಂಚಿಗೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದಿದೆ. ಒಂದೇ ಕಾಲು, ಇನ್ನೊಂದನ್ನು ಗಟ್ಟಿ ನೆಲದ ಮೇಲೇ ಇಟ್ಟುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಧಂ! ಖಾಲಿ ಗಡಿಗೆ ಬಡಿದಂಥ ಸದ್ದು.

ಗರಗಸ ನಿಂತಿತು.

“ಅಣ್ಣಾರ, ಕೆಳಗೆ ಟೊಳ್ಳೈತ್ರಿ! ಯವ್ವಾ, ನೀ ಮ್ಯಾಲ ಅಲ್ಲಾಡಬ್ಯಾಡ!” ಎಂದವರೇ ಬಡಗಿ ಕಾಕಾ ಜಂತಿಗೆ ಹೆಗಲು ಕೊಟ್ಟರು. ಅಪ್ಪ ಅಂಗಳಕ್ಕೆ ಓಡಿ ಇನ್ನೊಂದು ಮರ ತಂದು, ಗಟ್ಟಿ ನೆಲ ನೋಡಿ ನಿಲ್ಲಿಸುವಷ್ಟರಲ್ಲಿ ಹಗೇವಿನ ಮೇಲಿನ ಕಂಬ ಗೇಣುದ್ದ ಒಳಗಿಳಿದಿತ್ತು. ಕಾಕಾನ ಕುತ್ತಿಗೆಯ ನರಗಳು ಹುರಿಯಂತೆ ಉಬ್ಬಿದ್ದವು. ಮೇಲೆ ಅಕ್ಕ ನಗುತ್ತಿರಲಿಲ್ಲ.

ಸಂಜೆಗೆ ಚೌಕಟ್ಟು ಕೂತಿತು. ಅಕ್ಕ ಹೊಸ ಏಣಿಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಇನ್ನೂ ತಣ್ಣಗಿತ್ತು. ಅಪ್ಪ ಪಕ್ಕದಲ್ಲಿ ಕೂತು, “ಇನ್ನೇನೇನು ಹೆದ್ರಿಕಿ ಐತೆ ನಿಂಗೆ? ಎಲ್ಲಾ ಹೇಳು, ಕೇಳ್ತೀನಿ” ಅಂದ. ನಾನು ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಈಗ ದಾವಣಗೆರೆಯ ನಿಮ್ಮ ಮನೆಯಲ್ಲಿ ಜಂತಿಯೂ ಇಲ್ಲ, ಹಗೇವೂ ಇಲ್ಲ. ಮೇಲೆ ಸಿಮೆಂಟು, ಕೆಳಗೆ ಟೈಲ್ಸು. ಎಲ್ಲಿ ಕುಣಿದರೂ ಒಂದೇ ಸದ್ದು. ಆದರೂ ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಮಂಚದ ಕೆಳಗೆ ಏನೋ ಇದೆ ಅಂದಳು. ನೀವೆಲ್ಲ ನಕ್ಕಿರಿ. ನಾನು ಮೊಬೈಲಿನ ಬೆಳಕು ಬಿಟ್ಟು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಮೂಲೆಮೂಲೆಯನ್ನೂ ನೋಡಿದೆ. ಏನೂ ಇರಲಿಲ್ಲ. ಆಮೇಲೆ ನನ್ನನ್ನು ನೆಲದಿಂದ ಎತ್ತಿ ನಿಲ್ಲಿಸಲು ಮಾತ್ರ ನಿಮ್ಮಲ್ಲಿ ಇಬ್ಬರು ಬೇಕಾದರು.